ಅರ್ಧ ಏಟಿನ ಡಾಕ್ಟರು

ಹೆದರಿದ ದಿನಗಳಿಗೆ ನಾನು ಡೈರಿಯ ಪುಟದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತೇನೆ. ಹೈಸ್ಕೂಲಿನಿಂದ ಬಂದ ಅಭ್ಯಾಸ. ವರ್ಷದ ಕೊನೆಗೆ ಚುಕ್ಕೆಗಳನ್ನು ಎಣಿಸಿ ಒಟ್ಟು ಬರೆಯುತ್ತೇನೆ. ಗುಂಡ್ಲುಪೇಟೆಯ ಪಶು ಆಸ್ಪತ್ರೆಗೆ ಲ್ಯಾಬ್ ಕೆಲಸಕ್ಕೆ ಸೇರಿದ ವರ್ಷದಿಂದ ಆ ಒಟ್ಟು ದುಪ್ಪಟ್ಟಾಗಿದೆ. ವಿಚಿತ್ರವೆಂದರೆ ಹೆಚ್ಚಿನ ಚುಕ್ಕೆಗಳು ಬಿದ್ದಿರುವುದು ಕೆಲಸದ ದಿನಗಳಲ್ಲಲ್ಲ, ಭಾನುವಾರಗಳಲ್ಲಿ. ಅವಕ್ಕೆಲ್ಲ ಕಾರಣರಾದ ನಮ್ಮ ಡಾಕ್ಟರು ಕಳೆದ ತಿಂಗಳು ನಿವೃತ್ತರಾದರು.

ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಆರು ಜನ ಮಾತಾಡಿದರು. ಇಷ್ಟು ಹಸುಗಳಿಗೆ ಹೆರಿಗೆ ಮಾಡಿಸಿದರು, ಕರೆದಾಗ ಬಂದರು, ಕೈ ಒಡ್ಡಿದವರಲ್ಲ ಎಂದರು. ಎಲ್ಲ ನಿಜ. ಆದರೆ ಅವರು ಮೂರು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಚಿಕ್ಕತಾಯಮ್ಮ ಎಂಬ ಅರವತ್ತು ವರ್ಷದ ಮುದುಕಿಯಾಗಿ, ಕೈಯಲ್ಲಿ ಕುಡುಗೋಲು ಹಿಡಿದು, ಬೇಕರಿಯ ಮಹಡಿಯ ಮೇಲೆ ಯುದ್ಧ ಮಾಡುತ್ತಿದ್ದರೆಂದು ಯಾರೂ ಹೇಳಲಿಲ್ಲ. ಗೊತ್ತಿದ್ದವರು ಮೂವರೇ. ಅದರಲ್ಲಿ ನಾನೊಬ್ಬಳು. ನನ್ನನ್ನೂ ಮಾತಾಡಲು ಕರೆದರು. ಎದ್ದು ನಿಂತು, ಎರಡು ವಾಕ್ಯ ಹೇಳಿ, ಕೂತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಕರಿ ನೌಶಾದ್ ಎಂಬ ಹುಡುಗನ ತಂದೆಯದು. ಊಟಿ ರಸ್ತೆಯಲ್ಲಿದೆ; ಕೇರಳಕ್ಕೆ ಹೋಗುವ ಲಾರಿಯವರು ನಿಲ್ಲಿಸಿ ಬನ್ನು, ಟೀ ತೆಗೆದುಕೊಳ್ಳುವ ಜಾಗ. ನೌಶಾದ್ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ಒಂದು ಆಟ ಕಲಿತು ಬಂದಿದ್ದ. ಮೇಜಿನ ಸುತ್ತ ಕೂತು ಕತೆ ಕಟ್ಟುವ ಆಟ. ಒಬ್ಬ ಕತೆ ಹೇಳುತ್ತಾನೆ: ನೀವು ಕಣಿವೆಯಲ್ಲಿ ನಡೆಯುತ್ತಿದ್ದೀರಿ, ಎದುರಿಗೆ ಕಳ್ಳರು ಬಂದರು, ಏನು ಮಾಡುತ್ತೀರಿ? ಉಳಿದವರು ತಮ್ಮ ತಮ್ಮ ಪಾತ್ರಗಳಾಗಿ ಉತ್ತರ ಕೊಡಬೇಕು. ಹೊಡೆದಾಟ ಬಂದರೆ ದಾಳ. ಹಲವು ಮುಖಗಳ ದಾಳಗಳು, ಕಲ್ಲುಸಕ್ಕರೆಯ ಹರಳಿನ ಹಾಗೆ. ಪ್ರತಿಯೊಬ್ಬರಿಗೂ, ಪ್ರತಿ ವೈರಿಗೂ ಇಷ್ಟು ಜೀವ ಎಂದು ಲೆಕ್ಕವಿರುತ್ತದೆ. ದಾಳದಲ್ಲಿ ಎಷ್ಟು ಬಿದ್ದರೆ ಅಷ್ಟು ಜೀವ ಕಳೆಯಬೇಕು. ಸೊನ್ನೆಗೆ ಬಂದರೆ ಸತ್ತಂತೆ.

ನೌಶಾದನ ಬೆಕ್ಕು ಮಹಡಿಯ ಮೇಲೆ ಮರಿ ಹಾಕಲಾಗದೆ ಒದ್ದಾಡುತ್ತಿದ್ದಾಗ ಡಾಕ್ಟರು ಹೋಗಿದ್ದರು. ಜೊತೆಗೆ ಔಷಧದ ಪೆಟ್ಟಿಗೆ ಹಿಡಿದು ನಾನು, ಜೀಪಿನ ಡ್ರೈವರ್ ಮಾದೇಶ. ನಾಲ್ಕು ಮರಿ ಬಂದವು. ಕೈ ತೊಳೆದು ಬಂದ ಡಾಕ್ಟರು ಮೇಜಿನ ಮೇಲಿದ್ದ ದಾಳವನ್ನು ಎತ್ತಿ ಬೆಳಕಿಗೆ ಹಿಡಿದು, "ಇದೇನಪ್ಪ ಇದು, ಇಷ್ಟೊಂದು ಮುಖ?" ಎಂದರು. ನೌಶಾದನಿಗೆ ಅಷ್ಟೇ ಸಾಕಾಗಿತ್ತು. ಊರಿಗೆ ಬಂದಾಗಿನಿಂದ ಆಡಲು ಜನ ಸಿಗದೆ ಒಬ್ಬನೇ ದಾಳ ಉರುಳಿಸುತ್ತ ಕೂತಿದ್ದ. ಮುಂದಿನ ಭಾನುವಾರದಿಂದ ನಾವು ನಾಲ್ವರಾದೆವು.

ಜೀವದ ಲೆಕ್ಕ ಇಡುವ ಕೆಲಸ ನನಗೆ ಬಂತು. ಕೊಟ್ಟವರು ಡಾಕ್ಟರೇ. "ಹೆದ್ರೋರು ಲೆಕ್ಕ ಸರಿಯಾಗಿ ಇಡ್ತಾರೆ ಕಣಮ್ಮಿ. ಧೈರ್ಯಸ್ಥರು ಒಂದೆರಡು ಬಿಟ್ಬುಡ್ತಾರೆ," ಎಂದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ. ನನ್ನದೂ ಒಂದು ಪಾತ್ರವಿತ್ತು. ಬಿಲ್ಲುಗಾರ್ತಿ. ಎಲ್ಲರಿಗಿಂತ ಹಿಂದೆ ನಿಲ್ಲಬಹುದು ಎಂಬ ಒಂದೇ ಕಾರಣಕ್ಕೆ ಆರಿಸಿಕೊಂಡದ್ದು. ಮಾದೇಶನದು ಎರಡು ಕತ್ತಿಯ ವೀರ. ಡಾಕ್ಟರು ಮಾತ್ರ, "ನಂಗೆ ವೀರ ಗೀರ ಬ್ಯಾಡ, ನಮ್ಮ ಅಜ್ಜಿ ಥರದವಳೊಬ್ಬಳು ಇರ್ಲಿ," ಎಂದು ಚಿಕ್ಕತಾಯಮ್ಮನನ್ನು ಮಾಡಿಕೊಂಡರು. ಅವಳ ಶಕ್ತಿಗೆ ದಾಳ ಹಾಕಿದಾಗ ಎಲ್ಲರಿಗಿಂತ ಹೆಚ್ಚು ಬಿತ್ತು. ನಮ್ಮ ಗುಂಪಿನಲ್ಲಿ ಅತಿ ಬಲಶಾಲಿ ಒಬ್ಬ ಮುದುಕಿ.

ಮೊದಲ ಹೊಡೆದಾಟ ಕಣಿವೆಯ ಕಳ್ಳರೊಡನೆ. ಚಿಕ್ಕತಾಯಮ್ಮನ ಸರದಿ ಬಂದಾಗ ಡಾಕ್ಟರು ದಾಳ ಹಿಡಿದು, "ಇವಳು ಅರ್ಧ ಹೊಡೀತಾಳೆ," ಎಂದರು.

ನೌಶಾದ್ ಪುಸ್ತಕ ನೋಡಿದ. ಕೊನೆಯ ಏಟಿನಲ್ಲಿ ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು ಎಂದಿತ್ತು. ಅರ್ಧ ಹೊಡೆಯುವ ಮಾತು ಎಲ್ಲೂ ಇರಲಿಲ್ಲ. "ಸಾರ್, ಹಂಗೆ ಇಲ್ಲ," ಎಂದ.

"ಕುಡುಗೋಲು ತಿರುಗಿಸಿ ಹಿಡಿಯಿಂದ ಹೊಡುದ್ರೆ?"

ನೌಶಾದ್ ಯೋಚಿಸಿ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ: ಅರ್ಧವೋ ಪೂರವೋ ಎಂದು ದಾಳ ಬೀಳುವ ಮೊದಲೇ ಹೇಳಬೇಕು. ಬಿದ್ದ ಮೇಲೆ ನೋಡಿಕೊಂಡು ಬದಲಾಯಿಸುವ ಹಾಗಿಲ್ಲ. ಡಾಕ್ಟರು ತಾವೇ ಇನ್ನೊಂದು ಷರತ್ತು ಸೇರಿಸಿದರು: ಅರ್ಧ ಹೊಡೆದವರು ಎಲ್ಲರಿಗಿಂತ ಮುಂದೆ ನಿಲ್ಲಬೇಕು. ವೈರಿ ತಿರುಗಿ ಹೊಡೆದರೆ ಏಟು ಅವರಿಗೇ ಬೀಳಬೇಕು. "ಬೇರೆಯವರ ಮೈ ಅಡ್ಡ ಇಟ್ಟು ನಾನು ದಯೆ ತೋರ್ಸೋದಲ್ಲ," ಎಂದರು.

ಅಂದಿನಿಂದ ಅವರು ಪೂರಾ ಹೊಡೆದದ್ದಿಲ್ಲ. ಹನ್ನೆರಡು ಬಿದ್ದರೆ ಆರು, ಒಂಬತ್ತು ಬಿದ್ದರೆ ನಾಲ್ಕು. ಅವರ ಸರದಿ ಬರುವ ಮೊದಲೇ ನಾನು ಕಾಗದದಲ್ಲಿ ಅರ್ಧದ ಸಾಲು ಎಳೆದಿಟ್ಟುಕೊಳ್ಳುತ್ತಿದ್ದೆ. ಒಂದು ಏಟಿಗೆ ಮುಗಿಯಬೇಕಾದ ಜಗಳ ಮೂರು ಏಟಿಗೆ ಎಳೆಯುತ್ತಿತ್ತು. ಅಷ್ಟರಲ್ಲಿ ವೈರಿಗಳು ನಮ್ಮನ್ನು ಹೊಡೆಯುತ್ತಿದ್ದರು. ನನ್ನ ಕೆಲಸ ಎರಡೂ ಕಡೆಯ ಜೀವ ಕಳೆಯುತ್ತ ಹೋಗುವುದು. ನಮ್ಮ ಕಡೆಯ ಅಂಕಿ ಇಳಿಯುತ್ತಿದ್ದಂತೆ ನನ್ನ ಅಂಗೈ ಬೆವರುತ್ತಿತ್ತು. ಕಾಗದದ ಮೇಲಿನ ಸಾವಿಗೆ ಅಷ್ಟು ಹೆದರುವುದು ಹುಚ್ಚು ಎಂದು ನನಗೂ ಗೊತ್ತಿತ್ತು. ಆದರೂ ಹೆದರುತ್ತಿದ್ದೆ. ಸಂಜೆ ತೆರಕಣಾಂಬಿ ಮಾರ್ಗದ ಬಸ್ಸು ಹಿಡಿದು ಚಾಮರಾಜನಗರದ ಮನೆ ಸೇರುವವರೆಗೂ ಎದೆ ತಹಬಂದಿಗೆ ಬರುತ್ತಿರಲಿಲ್ಲ. "ಭಾನ್ವಾರನೂ ಡ್ಯೂಟಿ ಆಕಿ ಎಂಗ್ ಮಾಡವ್ರೆ ನೋಡು ಮಗೀನ," ಎಂದು ಅಮ್ಮ ಆಸ್ಪತ್ರೆಯವರನ್ನು ಬೈಯುತ್ತಿದ್ದಳು.

ಮಾದೇಶ ಸುಮ್ಮನಿರುತ್ತಿರಲಿಲ್ಲ. "ಸಾ, ನೀವು ಅರ್ಧ ಒಡುದ್ರೆ ಅದೇನು ನಮ್ಮುನ್ನ ಅರ್ಧ ಒಡೀತದಾ? ಪೂರಾ ಒಡೀತದೆ."

"ಒಡೀಲಿ. ಚಿಕ್ಕತಾಯಮ್ಮ ಮುಂದೆ ಇದ್ದಾಳಲ್ಲ."

"ಆ ಮುದ್ಕಿ ಎಷ್ಟು ಅಂತ ತಡ್ಕಂಡಾಳು ಸಾ? ನಿಮ್ಮ ಪುಣ್ಯದ ಕೆಲ್ಸಕ್ಕೆ ನಮ್ಗೆಲ್ಲ ತಿಥಿ ಆಯ್ತದೆ."

"ಬಾಯ್ ಮುಚ್ಕೊಂಡು ದಾಳ ಹಾಕ್ಲಾ."

ಒಂದು ಸಲ ಅವನ ಮಾತೇ ನಿಜವಾಯಿತು. ಅರ್ಧ ಏಟು ತಿಂದು ಪ್ರಜ್ಞೆ ತಪ್ಪಿದ್ದ ಕಳ್ಳನೊಬ್ಬ ಎದ್ದು ಹೋಗಿ, ಎರಡು ಭಾನುವಾರ ಕಳೆದ ಮೇಲೆ ಎಂಟು ಜನರೊಡನೆ ಹಿಂದಿನಿಂದ ಬಂದ. ಹಿಂದೆ ನಿಂತಿದ್ದವಳು ನಾನು. ನನ್ನ ಬಿಲ್ಲುಗಾರ್ತಿಯ ಜೀವ ಎರಡಕ್ಕೆ ಇಳಿಯಿತು. ಆ ಎರಡನ್ನು ನಾನೇ ಬರೆದೆ. ಚಿಕ್ಕತಾಯಮ್ಮ ಓಡಿ ಬಂದು ಅಡ್ಡ ನಿಂತು ನನ್ನನ್ನು ಉಳಿಸಿದಳು. ಆಗಲೂ ಅರ್ಧವೇ ಹೊಡೆದಳು. ಮಾದೇಶ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತುಬಿಟ್ಟ. ನೌಶಾದನ ತಾಯಿ ನಿಂಬೆ ಹಿಂಡಿದ ಕರಿ ಚಹಾ ತಂದಿಟ್ಟ ಮೇಲೆ ವಾಪಸು ಬಂದ.

ಇಷ್ಟು ಓದಿ ಡಾಕ್ಟರೆಂದರೆ ಮೃದು ಮನುಷ್ಯ ಅಂದುಕೊಳ್ಳಬಾರದು. ಎತ್ತರದ ಆಳು, ಅಗಲ ಹೆಗಲು, ಸೀನಿದರೆ ಕೊಟ್ಟಿಗೆಯ ಕೋಳಿಗಳು ಹಾರುತ್ತಿದ್ದವು. ಹಸುವಿಗೆ ಮೂರು ದಿನ ಜ್ವರವಿದ್ದರೂ ಕರೆಯದೆ, ಮಲಗಿದ ಮೇಲೆ ಫೋನು ಮಾಡಿದವರಿಗೆ ಮುಖ ಎತ್ತದ ಹಾಗೆ ಬೈಯುತ್ತಿದ್ದರು. ಕೊಟ್ಟಿಗೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಸಗಣಿಯಲ್ಲಿ ಬರಿಗಾಲಲ್ಲಿ ನಿಂತು, ಹಸುವಿನ ಬೆನ್ನ ಮೇಲೆ ಅಂಗೈ ಇಟ್ಟು, ಅದರ ಚರ್ಮ ಅದುರುವುದು ನಿಲ್ಲುವವರೆಗೆ ಕಾಯುತ್ತಿದ್ದರು. ಆಮೇಲೆ ಸೂಜಿ. ಹುಚ್ಚು ಹಿಡಿದಿದೆ ಎಂದು ಊರೇ ಕಲ್ಲು ಹಿಡಿದು ನಿಂತಿದ್ದ ನಾಯಿಯ ಹತ್ತಿರ ಒಬ್ಬರೇ ನಡೆದು ಹೋಗಿ, ಗಂಟಲಲ್ಲಿ ಸಿಕ್ಕಿದ್ದ ಮೂಳೆ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದರೆ, ಬೆರಳ ಸಂದಿಯಿಂದ ಕಂಡಿದ್ದೇನೆ.

"ನಿಮಗೆ ಹೆದರಿಕೆ ಆಗೋದಿಲ್ವಾ ಸಾರ್?" ಎಂದು ಆ ದಿನ ಕೇಳಿದೆ.

"ಆಗ್ಬೇಕು. ನಂಗ್ಯಾಕೋ ಆಗಲ್ಲ ಕಣಮ್ಮಿ. ಅದು ಒಂದು ಕೊರತೆನೇ. ಅದಕ್ಕೇ ನಿನ್ನ ಕರ್ಕೊಂಡು ತಿರುಗೋದು. ನೀನು ಹಿಂದಕ್ಕೆ ಸರಿದ್ರೆ, ಓಹೋ, ಇಲ್ಲೇನೋ ಅಪಾಯ ಅದೆ ಅಂತ ಗೊತ್ತಾಗ್ತದೆ."

ಆಟದಲ್ಲಿ ಯಾಕೆ ಅರ್ಧವೇ ಎಂದು ಮಾತ್ರ ತುಂಬ ದಿನ ಕೇಳಿರಲಿಲ್ಲ. ಒಮ್ಮೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದ ಹಳ್ಳಿಯೊಂದರಿಂದ ಹಿಂತಿರುಗುವಾಗ ಜೀಪಿನಲ್ಲಿ ಅವರೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕರಡಿ ಊರೊಳಗೆ ನುಗ್ಗಿತ್ತಂತೆ. ಅರಿವಳಿಕೆ ಮದ್ದು ಹೊಡೆಯಲು ಇವರನ್ನು ಕರೆದಿದ್ದರು. ಜನ ಸುತ್ತ ನಿಂತಿದ್ದರು, ಯಾರಿಗೂ ಏನೂ ಆಗಬಾರದು ಎಂದು ಮದ್ದನ್ನು ಧಾರಾಳವಾಗಿಯೇ ತುಂಬಿದರು. ಕರಡಿ ಬಿತ್ತು. ಜನ ಚಪ್ಪಾಳೆ ಹೊಡೆದರು.

"ಅದು ಏಳಲ್ಲ ಅಂತ ಅಷ್ಟು ಜನದಲ್ಲಿ ನಂಗೊಬ್ಬನಿಗೇ ಗೊತ್ತಾಗಿದ್ದು," ಎಂದರು. "ಅವರು ಚಪ್ಪಾಳೆ ಹೊಡೀತಾನೇ ಇದ್ರು."

ಮಾದೇಶ ಗೇರು ಬದಲಿಸಿದ. ಆದರೆ ಆ ಭಾನುವಾರವೂ ಆಟದಲ್ಲಿ ಅವರೊಡನೆ ಜಗಳ ಮಾಡಿದ. ಅವನಿಗೆ ಎರಡು ಮಕ್ಕಳು, ಕಾಯಂ ಆಗದ ಕೆಲಸ. ಡಾಕ್ಟರು ಎಲ್ಲಿಗೆ ಇಳಿದರೂ ಹಿಂದೆ ಇಳಿಯಬೇಕಾದವನು ಅವನು. ಅವನ ಜಗಳ ಚಿಕ್ಕತಾಯಮ್ಮನ ಮೇಲಲ್ಲ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು. ಅರ್ಥವಾದ ಮೇಲೆ ನನ್ನ ಹೆದರಿಕೆ ಇನ್ನೂ ಹೆಚ್ಚಿತು. ಈ ಮನುಷ್ಯ ಒಂದಲ್ಲ ಒಂದು ದಿನ ನಿಜವಾದದ್ದರ ಮುಂದೆ ಅರ್ಧ ಎನ್ನುತ್ತಾರೆ. ಆ ದಿನ ಮಾದೇಶ ಅವರ ಹಿಂದೆ ಇರುತ್ತಾನೆ.

ಆ ದಿನ ಬಂದದ್ದು ದಸರಾ ಕಳೆದು ಎರಡನೇ ಗುರುವಾರ.

ಭೀಮನಬೀಡಿನ ಆಚೆ ಅರಿಶಿನದ ಹೊಲದಲ್ಲಿ ಒಂದು ಪಂಪ್‌ಸೆಟ್ ಮನೆ. ಬೆಳಿಗ್ಗೆ ಮೋಟಾರು ಹಾಕಲು ಹೋದ ರೈತ ಒಳಗೆ ಚಿರತೆ ಮಲಗಿದ್ದನ್ನು ಕಂಡು ಬಾಗಿಲೆಳೆದು ಚಿಲಕ ಹಾಕಿದ್ದ. ನಾವು ಹೋಗುವ ಹೊತ್ತಿಗೆ ಅರಣ್ಯ ಇಲಾಖೆಯ ನಾಲ್ವರು ಬಲೆ, ದೊಣ್ಣೆ ಹಿಡಿದು ನಿಂತಿದ್ದರು. ಜನ ರಸ್ತೆಯಲ್ಲಿದ್ದರು. ರೈತ ಚಿಲಕ ಹಾಕಿದ ಕೈಯನ್ನು ಪದೇ ಪದೇ ಪಂಚೆಗೆ ಒರೆಸಿಕೊಳ್ಳುತ್ತಿದ್ದ. "ಉಸ್ರೂ ಬುಡ್ದಂಗೆ ಎಳ್ದು ಆಕ್ಬುಟ್ಟೆ ಸ್ವಾಮಿ," ಎಂದ. "ಈಗ ಕೈ ನಡುಗ್ತಾ ಅದೆ, ಆಗ ನಡುಗ್ನಿಲ್ಲ."

ಡಾಕ್ಟರು ಹಿಂಬದಿಯ ಗವಾಕ್ಷಿಗೆ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಕೆಳಗಿಳಿದು ಬಂದು, "ಹೆಣ್ಣು. ನಲವತ್ತು ಕೆಜಿ ಮೇಲಿಲ್ಲ. ಪಕ್ಕೆ ಎಲ್ಲ ಕಾಣ್ತಾ ಅದೆ, ಹೊಟ್ಟೆಗಿಲ್ಲ ಅದಕ್ಕೆ," ಎಂದರು. ನನಗೆ ಮದ್ದಿನ ಪ್ರಮಾಣ ಹೇಳಿದರು. ನಲವತ್ತಕ್ಕೆ ಬರಬೇಕಾದ್ದಕ್ಕಿಂತ ಅದು ಕಡಿಮೆಯಿತ್ತು. ನಾನು ಬರೆದುಕೊಂಡು ಮಾದೇಶನ ಮುಖ ನೋಡಿದೆ. ಅವನು ನನ್ನ ಬರಹ ನೋಡಿದ.

"ಸಾ," ಎಂದ. ದನಿ ಎತ್ತಲಿಲ್ಲ. "ಪೂರಾ ಕೊಡಿ. ಇದು ಆಟ ಅಲ್ಲ."

"ಗೊತ್ತು ಕಣಪ್ಪ. ಆಟದಲ್ಲಾದ್ರೆ ಅದಕ್ಕೆ ಎಷ್ಟು ಜೀವ ಅಂತ ಇವಳು ಬರ್ಕೊಂಡಿರ್ತಾಳೆ. ಇಲ್ಲಿ ಯಾರು ಬರ್ದವ್ರೆ? ಸೊರಗಿರೋ ಪ್ರಾಣಿ. ಪೂರಾ ಕೊಟ್ರೆ ಉಸಿರು ನಿಂತೋಗ್ತದೆ."

"ಎದ್ದ್ಬುಟ್ರೆ?"

"ನಾನು ಮುಂದೆ ಇರ್ತೀನಲ್ಲ."

ನಾನು ಹಿಂದಕ್ಕೆ ಸರಿದೆ. ಜೀಪಿಗೆ ಬೆನ್ನು ತಾಗುವವರೆಗೆ ಸರಿದೆ. ಅವರು ನನ್ನ ಕಡೆ ನೋಡಲಿಲ್ಲ.

ಗವಾಕ್ಷಿಯಿಂದ ಬಂದೂಕಿನಲ್ಲಿ ಮದ್ದು ಹೊಡೆದರು. ತೊಡೆಗೆ ತಗುಲಿತು. ಸಮಯ ಬರೆದುಕೊಂಡೆ. ಇಪ್ಪತ್ತು ನಿಮಿಷ ಕಾದರು. ಉದ್ದ ಕೋಲಿನಿಂದ ತಿವಿದರು, ಅಲುಗಲಿಲ್ಲ. ಬಾಗಿಲು ತೆಗೆದರು. ಡಾಕ್ಟರು ಮುಂದೆ, ಕೈಯಲ್ಲಿ ಇನ್ನೊಂದು ಸಿರಿಂಜು. ಅವರ ಹಿಂದೆ ಬಲೆಯ ಒಂದು ತುದಿ ಹಿಡಿದು ಮಾದೇಶ. ಅವನ ಹಿಂದೆ ಉಳಿದವರು.

ಆಟದಲ್ಲಿ ತಿರುಗಿ ಬೀಳುವ ಏಟು ಮುಂದೆ ನಿಂತವರಿಗೆ ಬೀಳುತ್ತಿತ್ತು. ನಾವೇ ಹಾಗೆ ನಿಯಮ ಮಾಡಿದ್ದೆವು. ಚಿರತೆ ಎದ್ದಿತು. ಡಾಕ್ಟರ ಹೆಗಲ ಮೇಲಿಂದ, ಅವರನ್ನು ಮುಟ್ಟದೆ ಹಾರಿ, ಮಾದೇಶನ ಮೇಲೆ ಬಿತ್ತು.

ನನಗೆ ನೆನಪಿರುವುದು ಶಬ್ದ. ಚಿರತೆಯದಲ್ಲ, ಮಾದೇಶನದೂ ಅಲ್ಲ. ರಸ್ತೆಯಲ್ಲಿದ್ದ ಜನ ಒಟ್ಟಿಗೆ ಓಡಿದ ಶಬ್ದ. ನನ್ನ ಕಾಲು ಏಳಲಿಲ್ಲ. ಕೈ ಮಾತ್ರ ತನ್ನಷ್ಟಕ್ಕೆ ಸಮಯ ಬರೆಯಿತು. ಡಾಕ್ಟರು ತಿರುಗಿ, ಚಿರತೆಯ ಮೇಲೆಯೇ ಬಿದ್ದು, ಅದರ ತೊಡೆಗೆ ಕೈಯಿಂದಲೇ ಸೂಜಿ ಚುಚ್ಚಿದರು. ಅರಣ್ಯದವರು ಮೂವರ ಮೇಲೂ ಬಲೆ ಎಳೆದರು. ಬಲೆಯೊಳಗೆ ಅಲುಗಾಟ ನಿಲ್ಲಲು ನಾಲ್ಕು ನಿಮಿಷ ಹಿಡಿಯಿತು ಎಂದು ನನ್ನ ಬರಹ ಹೇಳುತ್ತದೆ. ನನಗೆ ಅದು ನಾಲ್ಕು ನಿಮಿಷವಾಗಿರಲಿಲ್ಲ.

ಮಾದೇಶನನ್ನು ಅರಣ್ಯದವರ ಗಾಡಿಯಲ್ಲಿ ಹಾಕಿದರು. ಹೆಗಲು ಹರಿದಿತ್ತು. ತಲೆಯ ಚರ್ಮ ಕಿವಿಯ ಮೇಲಿಂದ ಎದ್ದಿತ್ತು. ನನ್ನ ವೇಲನ್ನು ಒತ್ತಿ ಹಿಡಿದು ಕೂತೆ. ಗುಂಡ್ಲುಪೇಟೆಯವರೆಗೂ ಅವನಿಗೆ ಪ್ರಜ್ಞೆಯಿತ್ತು. "ಅವ್ವುಂಗೆ ಈಗ್ಲೇ ಏಳ್ಬ್ಯಾಡ ಕಣಮ್ಮಿ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಸಾರ್‌ಗೆ ಏನಾರ ಆಯ್ತಾ?" ಎಂದ.

"ಇಲ್ಲ. ಒಂದು ಗೀರೂ ಇಲ್ಲ."

ಅವನು ಕಣ್ಣು ಮುಚ್ಚಿದ. ಅಲ್ಲಿಂದ ಮೈಸೂರಿಗೆ ಕಳಿಸಿದರು.

ಸಂಜೆ ಆಸ್ಪತ್ರೆಗೆ ವಾಪಸು ಬಂದಾಗ ಡಾಕ್ಟರು ಲ್ಯಾಬಿನಲ್ಲಿ ನನ್ನ ಕುರ್ಚಿಯ ಮೇಲೆ ಕೂತಿದ್ದರು. ಚಿರತೆ ಬದುಕಿತ್ತು, ಬೋನಿನಲ್ಲಿ ಸಾಗಿಸಿಯೂ ಆಗಿತ್ತು. ಸಾಗಿಸುವ ಮೊದಲು ತೂಕ ಹಾಕಿದ್ದರು. "ಗಂಡು ಕಣಮ್ಮಿ. ಐವತ್ನಾಲ್ಕು ಕೆಜಿ," ಎಂದರು. "ಮೂಲೇಲಿ ಮುದುರ್ಕೊಂಡಿತ್ತು. ಹೆಣ್ಣು ಅಂದ್ಕೊಂಡೆ. ಹದಿನಾಲ್ಕು ಕೆಜಿ ತಪ್ಪಿದೆ. ಅದರ ಮೇಲೆ ಕನಿಕರಕ್ಕೆ ಅಂತ ಮದ್ದು ಬೇರೆ ಕಳೆದೆ."

ಕತ್ತಲೆಯನ್ನಾಗಲಿ, ಟಾರ್ಚನ್ನಾಗಲಿ ಅವರು ದೂರಲಿಲ್ಲ. ವರದಿಯಲ್ಲಿಯೂ ಹಾಗೇ ಬರೆದರು: ಅಂದಾಜು ನನ್ನದು, ತಪ್ಪು ನನ್ನದು. ಮಾರನೆಯ ದಿನ ಮೈಸೂರಿಗೆ ಹೋಗಿ ಮಾದೇಶನ ತಾಯಿಯ ಮುಂದೆಯೂ ಅದನ್ನೇ ಹೇಳಿದರು. ನಾನು ಪಕ್ಕದಲ್ಲಿದ್ದೆ. ಆಕೆ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದವರು ಎದ್ದೇಳಲಿಲ್ಲ.

"ನನ್ನ ಮಗ ಉಳ್ದವ್ನೆ. ನೀವೀಗ ಓಗಿ ಸಾಮಿ," ಎಂದರು.

ಹೋದೆವು. ಬಸ್ಸು ನಂಜನಗೂಡು ದಾಟಿದ ಮೇಲೆ ಅವರು, "ನೀನು ಹಿಂದಕ್ಕೆ ಸರಿದಿದ್ದೆ. ಅಲ್ವಾ?" ಎಂದು ಕೇಳಿದರು. ಹೌದೆಂದೆ. ತಲೆಯಾಡಿಸಿದರು.

ಆಟ ನಿಂತಿತು. ಭಾನುವಾರಗಳು ಬಂದವು, ಹೋದವು. ಡೈರಿಯಲ್ಲಿ ಆಟದ ಪುಟಗಳಿರಬೇಕಾದಲ್ಲಿ ಬಟ್ಟೆ ಒಗೆದದ್ದು, ಅಮ್ಮನ ಮಾತ್ರೆ ತಂದದ್ದು ಇದೆ. ಹಳ್ಳಿಗಳಿಗೆ ನಾವು ಬೇರೆ ಡ್ರೈವರನೊಡನೆ ಹೋಗುತ್ತಿದ್ದೆವು. ಡಾಕ್ಟರು ಹಸುವಿನ ಬೆನ್ನ ಮೇಲೆ ಅಂಗೈ ಇಟ್ಟು ಮೊದಲಿನಂತೆಯೇ ಕಾಯುತ್ತಿದ್ದರು. ಆದರೆ ಕಣ್ಣು ನನ್ನ ಮೇಲಿರುತ್ತಿತ್ತು, ನಾನು ಎಲ್ಲಿ ನಿಂತಿದ್ದೇನೆ ಎಂದು ನೋಡುತ್ತಿದ್ದರು. ಅವರು ನೋಡುವುದನ್ನು ಕಂಡು ನನಗೆ ದಿಗಿಲಾಗುತ್ತಿತ್ತು.

ಆಟ ಮತ್ತೆ ಶುರು ಮಾಡಿಸಿದವನು ಮಾದೇಶನೇ. ಸಂಕ್ರಾಂತಿ ಕಳೆದ ಭಾನುವಾರ ನಮಗೆಲ್ಲ ಫೋನು ಮಾಡಿ ಬೇಕರಿಗೆ ಬರಹೇಳಿದ. ಎಡಗೈ ಇನ್ನೂ ಹೆಗಲಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಕಿವಿಯ ಮೇಲೆ ಕೂದಲು ಬಾರದ ಒಂದು ಗೆರೆ. ಮಹಡಿ ಹತ್ತಿ ಬಂದು ಡಾಕ್ಟರನ್ನು ನೋಡಿ, "ಏನ್ ಸಾ, ನಾನು ಸತ್ತೋದೆ ಅಂತ ಆಟ ನಿಲ್ಲುಸ್ಬುಟ್ರಾ?" ಎಂದ.

ಡಾಕ್ಟರು ನಗಲಿಲ್ಲ. "ಬಾ, ಕೂತ್ಕೊ," ಎಂದರು.

ನೌಶಾದ್ ಕತೆಯನ್ನು ಬಿಟ್ಟಲ್ಲಿಂದ ಹಿಡಿದ. ನಾವು ಒಂದು ಗವಿಯಲ್ಲಿದ್ದೆವು. ಎದುರಿಗೆ ಕಲ್ಲುನಾಯಿ ಎಂದು ಅವನು ಕರೆಯುತ್ತಿದ್ದ ಪ್ರಾಣಿ, ಎಮ್ಮೆಯಷ್ಟು ದೊಡ್ಡದು. ಅದರ ಹಿಂದೆ ಅದರ ಎರಡು ಮರಿ. ತಾಯಿಯ ಜೀವ ಹತ್ತು ಉಳಿದಿದೆ ಎಂದು ನನ್ನ ಹಳೆಯ ಕಾಗದ ನೋಡಿ ಹೇಳಿದೆ. ಚಿಕ್ಕತಾಯಮ್ಮನ ಸರದಿ. ಅವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಾನು ಅಭ್ಯಾಸದಂತೆ ಅರ್ಧದ ಸಾಲು ಎಳೆದೆ.

ಡಾಕ್ಟರು ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಕೆಳಗೆ ಬೇಕರಿಯಲ್ಲಿ ಯಾರೋ ರಸ್ಕ್ ತೂಗಿಸಿಕೊಂಡು ದುಡ್ಡು ಕೊಟ್ಟು ಹೋಗುವಷ್ಟು ಹೊತ್ತಾಯಿತು.

"ಪೂರಾ," ಎಂದರು.

ನೌಶಾದ್ ತಲೆಯೆತ್ತಿದ. "ಸಾರ್, ಖಂಡಿತನಾ? ಬಿದ್ದ ಮೇಲೆ ಬದಲಾಯಿಸೋ ಹಾಗಿಲ್ಲ."

"ಗೊತ್ತು."

ಹನ್ನೊಂದು ಬಿತ್ತು. ಹತ್ತರಲ್ಲಿ ಹನ್ನೊಂದು ಕಳೆಯಲು ಲೆಕ್ಕ ಬೇಕಾಗಿರಲಿಲ್ಲ. ಆದರೂ ಕಳೆದೆ. ನೌಶಾದ್ ಮೆಲ್ಲಗೆ, ಕುಡುಗೋಲು ಕುತ್ತಿಗೆಗೆ ಇಳಿಯಿತು, ಅದು ಅಲ್ಲೇ ಕುಸಿಯಿತು, ಎಂದ. ಯಾವ ಹೊಡೆದಾಟವಾದರೂ ಅವನು ಅಷ್ಟು ಚಿಕ್ಕದಾಗಿ ಮುಗಿಸಿದವನಲ್ಲ. ಪೂರಾ ಹೊಡೆಯಿರಿ ಎಂದು ಮೂರು ವರ್ಷ ಜಗಳವಾಡಿದ್ದ ಮಾದೇಶ ಮೇಜಿನ ಮೇಲಿದ್ದ ದಾಳವನ್ನೇ ನೋಡುತ್ತಿದ್ದ.

"ಯಾಕ್ ಸಾ ಅಂಗ್ ಮಾಡುದ್ರಿ?"

"ಹೆದ್ರಿಕೆ ಆಯ್ತು ಕಣ್ಲಾ."

"ಯಾವ್ದುಕ್ಕೆ? ಈ ಕಾಗದದ ನಾಯಿಗಾ?"

"ನೀನು ಹಿಂದೆ ನಿಂತಿದ್ಯಲ್ಲ. ಅದಕ್ಕೆ."

ನನ್ನ ಮಟ್ಟಿಗೆ ಪಂಪ್‌ಸೆಟ್ ಮನೆಯ ಬಾಗಿಲು ತೆರೆದದ್ದಕ್ಕಿಂತ ದೊಡ್ಡ ಹೆದರಿಕೆ ಆ ಮಾತಿನದು. ನಾನು ಹೆದರಿದರೆ ಅದು ನನ್ನ ಸ್ವಭಾವ ಎಂದು ಬಿಡಬಹುದು. ಅವರು ಹೆದರಿದರೆ ಹೆದರಬೇಕಾದ್ದು ನಿಜವಾಗಿಯೂ ಇದೆ ಎಂದಂತಾಯಿತು. ಮೇಜಿನ ಅಂಚು ಹಿಡಿದಿದ್ದ ಅವರ ಬೆರಳುಗಳನ್ನು ನೋಡಿದೆ. ಹಸುವಿನ ಬಾಯೊಳಗೆ ಮೊಣಕೈವರೆಗೆ ಹೋಗುತ್ತಿದ್ದ ಕೈ. ಅದು ಆ ಅಂಚನ್ನು ಬಿಡುತ್ತಿರಲಿಲ್ಲ.

"ಮರಿಗಳು ಗುರುಗುಟ್ಟುತ್ತಾ ಮುಂದೆ ಬರ್ತಿವೆ," ಎಂದ ನೌಶಾದ್. ಬೇರೆ ಏನು ಹೇಳಬೇಕೆಂದು ತಿಳಿಯದೆ ಕತೆ ಮುಂದುವರಿಸಿದ್ದಿರಬೇಕು. "ಮಾದೇಶಣ್ಣ, ನಿಮ್ಮ ಸರದಿ."

ಮಾದೇಶ ಬಲಗೈಯಲ್ಲಿ ದಾಳ ತೆಗೆದುಕೊಂಡ. ಮೇಜಿನ ಮೇಲೆ ಅವನ ವೀರನ ಗುರುತಾಗಿ ಇಟ್ಟಿದ್ದ ಹುಣಸೆ ಬೀಜವನ್ನು ಎತ್ತಿ ಚಿಕ್ಕತಾಯಮ್ಮನ ಗುರುತಾದ ಅಂಗಿ ಗುಂಡಿಯ ಮುಂದೆ ಇಟ್ಟ.

"ಅರ್ಧ," ಎಂದ.

"ಬ್ಯಾಡ ಕಣ್ಲಾ," ಎಂದರು ಡಾಕ್ಟರು. ಅವರು ಹಾಗೆ ಬೇಡಿಕೊಂಡದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಅವು ತಿರುಗಿ ಬಿದ್ರೆ? ನಿಂಗೆ ಜೀವ ಐದೇ ಉಳಿದಿರೋದು. ಕೇಳು ಅವಳ್ನ."

"ಐದು," ಎಂದೆ ನಾನು.

"ಇರ್ಲಿ ಬುಡಿ ಸಾ. ಆಸ್ಪತ್ರೇಲಿ ಮನಿಕಂಡಿದ್ದಾಗ ಬೋ ಯೋಚ್ನೆ ಮಾಡ್ದೆ. ನಂಗೆ ಆ ಚಿರ್ತೆ ಕಂಡ್ರೆ ಕ್ವಾಪ ಬತ್ತದೆ ಅಂದ್ಕಂಡೆ. ಬರ್ನಿಲ್ಲ. ಬಾಗ್ಲು ಆಕ್ಬುಟ್ಟಿದ್ರು, ಅದೇನ್ ಮಾಡಾತು? ಮರಿಗೊಳು ಇವು. ಈಗ ಏಳ್ಬುಟ್ಟಿವ್ನಿ, ಬದ್ಲಾಯ್ಸಂಗಿಲ್ಲ."

ಅವನು ದಾಳ ಬಿಟ್ಟ. ಅದು ಉರುಳುತ್ತಿದ್ದಂತೆ ಡಾಕ್ಟರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡತೊಡಗಿದರು. ದಾಳ ನಿಂತಿತು. ನೌಶಾದ್ ಮರಿಗಳ ಪರವಾಗಿ ತನ್ನ ದಾಳ ಹಾಕಿದ. ಅದೂ ನಿಂತಿತು. ನಾನು ಎರಡೂ ಕಡೆ ಕಳೆದು ಬರೆದೆ. ಅವರು ಇತ್ತ ತಿರುಗಲಿಲ್ಲ.

"ಏನಾಯ್ತಮ್ಮಿ?" ಎಂದು ಕಿಟಕಿಗೇ ಕೇಳಿದರು. "ಮಾದೇಶಂಗೆ ಏನಾರ ಆಯ್ತಾ?"

ಮಾದೇಶ ಅವರಿಂದ ಒಂದು ಮೊಳ ದೂರದಲ್ಲಿ ಕೂತಿದ್ದ.

"ಇಲ್ಲ ಸಾರ್," ಎಂದೆ. "ಇದ್ದಾನೆ."